ಕೂಗದ ಕುಕ್ಕರ್

ಯಾರೋ ಬಾಗಿಲು ಬಡಿದಾಗ ನನಗೆ ಸಿಡುಕೇ ಬಂತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸ ಹಿಡಿದು, ನೆರೆಯವರನ್ನು ಪ್ರೀತಿಸಬೇಕೆಂಬ ಬೈಬಲ್ ವಾಕ್ಯವನ್ನು ಓದುತ್ತ ಒಬ್ಬಳೇ ಕೂತಿದ್ದೆ. ತೆರೆದರೆ ಪಕ್ಕದ ಮನೆಯ ಅಜ್ಜಿ.

"ಸಿಸ್ಟರ್, ನಾಲ್ಕು ದಿನ ಆತು, ಮಧ್ಯಾಹ್ನ ನಿಮ್ಮ ಕುಕ್ಕರ್ ಸೀಟಿ ಕೇಳಿಲ್ರಿ. ಆರಾಮ ಇಲ್ಲೇನ್ರಿ?"

ಉಪವಾಸ ಎಂದೆ. ಅಜ್ಜಿಯ ಮುಖ ಅರಳಿತು.

"ನಮ್ದೂ ರಂಜಾನ್ ರೋಜಾ ನಡದಾವ್ರಿ. ಸಂಜಿಗೆ ಒಬ್ಬರೇ ಉಣಬ್ಯಾಡ್ರಿ, ನಮ್ಮ ಮನಿಗೆ ಬರ್ರಿ."

ನರ್ಸ್ ಕೆಲಸಕ್ಕೆಂದು ಜೇವರ್ಗಿಗೆ ಬಂದು ಎರಡು ವರ್ಷವಾಗಿತ್ತು. ಅಷ್ಟು ದಿನವೂ ಅವರ ಮನೆ ಕಡೆಯ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದೆ.

ಸಂಜೆ ಬಾಳೆಹಣ್ಣು ಹಿಡಿದು ಅವರ ಹೊಸ್ತಿಲಿಗೆ ಹೋದೆ. ಒಳಗೆ ನಗು, ತಟ್ಟೆಗಳ ಸದ್ದು. ಕೂಗಿ ಕರೆಯೋಣವೆಂದರೆ, ನನ್ನ ಕುಕ್ಕರಿನ ಸೀಟಿಗೂ ಕಿವಿಗೊಟ್ಟಿದ್ದ ಆ ಅಜ್ಜಿಯ ಹೆಸರೇ ನನಗೆ ಗೊತ್ತಿರಲಿಲ್ಲ.