ಮಾಡದವನಿಗೆ ‘ತಪ್ಪಾತ್ರಿ’ ಹೇಳಿಕೊಟ್ಟಿದ್ದು

ನನ್ನ ಮೊಮ್ಮಗಳು ವಕೀಲಳಾಗಿದ್ದಾಳೆ. ಇದನ್ನು ಮುಂಡರಗಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿದ್ದವರಿಗೂ ಹೇಳಿದ್ದೇನೆ, ಗುರುತಿಲ್ಲದವರಿಗೂ ಹೇಳಿದ್ದೇನೆ. ಒಬ್ಬ ಕಂಡಕ್ಟರ್ ಅಂತೂ ನನ್ನನ್ನು ಕಂಡರೆ, “ಅಜ್ಜಾರ, ಮೊಮ್ಮಗಳು ವಕೀಲ್ರಾಗ್ಯಾರ, ಗೊತ್ತೈತ್ರಿ, ಟಿಕೀಟ್ ತಗೋರಿ” ಎನ್ನುತ್ತಾನೆ. ಅನ್ನಲಿ. ನಾನು ಕಲಿತದ್ದು ಮೂರನೆಯ ತರಗತಿ. ನಮ್ಮ ಮನೆಯ ಹುಡುಗಿ ಕರಿ ಕೋಟು ತೊಟ್ಟು ಕೋರ್ಟಿನಲ್ಲಿ ನಿಂತಮೇಲೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಆ ಬಾಯಿಯೇ ಒಮ್ಮೆ ಅವಳ ಕೇಸಿಗೆ ಮುಳುವಾಗುವುದಿತ್ತು.

ವಕೀಲರನ್ನಿಡುವ ತ್ರಾಣವಿಲ್ಲದ ಆರೋಪಿಗೆ ಸರಕಾರವೇ ವಕೀಲರನ್ನು ಕೊಡುತ್ತದಂತೆ. ಆ ಪಟ್ಟಿಯಲ್ಲಿ ಇವಳ ಹೆಸರೂ ಇತ್ತು. ಹಾಗೆ ಬಂದವನು ಮೋಟರ್ ರಿಪೇರಿಯ ಒಬ್ಬ ಮನುಷ್ಯ. ಸಿಂಗಟಾಲೂರಿನ ಕಡೆ ಹೊಳೆಸಾಲಿನ ಹೊಲಗಳಲ್ಲಿ ಪಂಪು ಕೆಟ್ಟರೆ ಅವನಿಗೇ ಹೇಳಿ ಕಳಿಸುತ್ತಿದ್ದರು. ಒಬ್ಬ ರೈತನ ಪಂಪ್‌ಶೆಡ್ಡಿನಿಂದ ಮೋಟರ್ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ಕಳುವಾಯಿತು. ಇವನ ಅಂಗಡಿಯಲ್ಲಿ ಹಳೆಯ ಸ್ಟಾರ್ಟರೊಂದು ಸಿಕ್ಕಿತು. ಅಷ್ಟಕ್ಕೇ ಕೇಸು. ಜಾಮೀನಿನ ಮೇಲೆ ಹೊರಗಿದ್ದ. ಆದರೆ ಪಂಪ್‌ಶೆಡ್ಡಿನ ಹತ್ತಿರ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅವನಿಗೆ ಜೈಲಿಗಿಂತ ಅದೇ ದೊಡ್ಡ ಚಿಂತೆ.

ಕೋರ್ಟಿನ ಹಿಂದಿನ ದಿನ ಅವನು ನಮ್ಮ ಮನೆಗೆ ಬಂದಾಗ ಮೊಮ್ಮಗಳು ಇನ್ನೂ ಗದಗಿನಿಂದ ಬಂದಿರಲಿಲ್ಲ. ನಾನೇ ಚಹಾ ಕೊಟ್ಟು ಕೂಡಿಸಿಕೊಂಡೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮೂರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನ್ಯಾಯ ಹೇಳಿದ ಹಿರಿಯರಲ್ಲಿ ನಾನೂ ಒಬ್ಬ. ಬದುವಿನ ಜಗಳ, ಬಣವಿಗೆ ಬಾಯಿ ಹಾಕಿದ ಎಮ್ಮೆ, ಎಲ್ಲಕ್ಕೂ ನಮ್ಮಲ್ಲಿ ಒಂದೇ ಔಷಧ. ಮೊದಲು ಕೈ ಮುಗಿದು ‘ತಪ್ಪಾತ್ರಿ’ ಅಂದವನಿಂದ ಕಾಯಿ ಒಡೆಸಿ ಮನೆಗೆ ಕಳಿಸುವುದು. ವಾದ ಮಾಡಿದವನಿಗೆ ದಂಡ.

“ನಾಳಿ ಸಾಹೇಬ್ರು ಕೇಳಿದ ಕೂಡ್ಲೇ ಕೈ ಮುಗಿದು ತಪ್ಪಾತ್ರಿ ಅಂದುಬಿಡು ತಮ್ಮಾ. ಅಲ್ಲಿಗಲ್ಲೇ ಮುಗೀತೈತಿ,” ಎಂದೆ.

“ನಾ ಕದ್ದಿಲ್ಲಲ್ರೀ ಅಜ್ಜಾರ.”

“ಕದ್ದಿ ಅಂತ ಯಾರಂದ್ರು? ದೊಡ್ಡವರ ಮುಂದ ಬಾಗೂದು ನಮ್ಮ ರೀತಿ.”

ಅವನು ತಲೆಯಾಡಿಸಿದ. ಒಳ್ಳೆಯ ಮನುಷ್ಯ, ಹಿರಿಯರ ಮಾತು ಕೇಳುವವನು. ಮೊಮ್ಮಗಳು ಬಂದಮೇಲೆ ಅವಳೂ ಏನೇನೋ ಹೇಳಿಕೊಟ್ಟಳು. ನಾನು ಹೇಳಿದ್ದನ್ನು ಅವನೂ ಅವಳಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿದ್ದವರಿಗೆ ಕರಿ ಕೋಟಿನ ಹುಡುಗಿ ಯಾರೆಂದು ಹೇಳಿ ಮುಗಿಸುವುದರೊಳಗೆ ಅವನ ಹೆಸರು ಕೂಗಿದರು. ನ್ಯಾಯಾಧೀಶರು ಆರೋಪ ಓದಿ ಹೇಳಿ, “ತಪ್ಪು ಒಪ್ಪಿಕೊಳ್ಳುತ್ತೀಯಾ?” ಎಂದು ಕೇಳಿದರು.

ಅವನು ಸೊಂಟದವರೆಗೆ ಬಾಗಿ, “ತಪ್ಪಾತ್ರಿ ಸಾಹೇಬ್ರ,” ಎಂದ.

ನಾನು ಖುಷಿಯಿಂದ ಮೊಮ್ಮಗಳ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು. ಎದ್ದು ನಿಂತು, ಆರೋಪಿಗೆ ಪ್ರಶ್ನೆ ತಿಳಿದಂತಿಲ್ಲ, ದಯವಿಟ್ಟು ಇನ್ನೊಮ್ಮೆ ಬಿಡಿಸಿ ಕೇಳಬೇಕು ಎಂದು ಬೇಡಿಕೊಂಡಳು. ನ್ಯಾಯಾಧೀಶರು ಕನ್ನಡಕ ತೆಗೆದರು.

“ನೋಡಪ್ಪಾ, ಸ್ಟಾರ್ಟರ್ ಕದ್ದೆಯೋ ಇಲ್ಲವೋ?”

“ಇಲ್ರಿ. ನಾ ಯಾಕ ಕದೀಲ್ರಿ? ಹೊಟ್ಟಿ ತುಂಬೂದ ಅದರ ಮ್ಯಾಲೆ.”

“ಮತ್ತೆ ತಪ್ಪಾಯಿತು ಅಂದೆಯಲ್ಲ?”

“ದೊಡ್ಡವರ ಮುಂದ ಹಂಗ ಅನ್ನಬೇಕಂತ ಅಜ್ಜಾರು ಹೇಳಿದ್ರು.”

“ಯಾವ ಅಜ್ಜಾರು?”

ಅವನು ತಿರುಗಿ ನನ್ನತ್ತ ಕೈ ಮಾಡಿದ. ಜನವೆಲ್ಲ ಹಿಂದೆ ತಿರುಗಿತು. ನಾನು ಎದ್ದು ನಿಂತೆ, ಇನ್ನೇನು ಮಾಡಲಿ?

“ನೀವು ವಕೀಲರೇನು?” ಎಂದರು ನ್ಯಾಯಾಧೀಶರು.

“ಅಲ್ರಿ ಸಾಹೇಬ್ರ. ನನ್ನ ಮೊಮ್ಮಗಳು ವಕೀಲ್ರು,” ಎಂದೆ. ಅಲ್ಲಿಯೂ ಅದನ್ನೇ ಹೇಳಿಬಿಟ್ಟೆ. ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಆದರೆ ಬರೆಯುವವರಿಗೆ ‘ಆರೋಪ ನಿರಾಕರಿಸಿದ್ದಾನೆ’ ಎಂದು ಬರೆಸುವಾಗ ಅವರ ಮೀಸೆ ಅಲುಗಿದ್ದನ್ನು ನಾನು ಕಂಡೆ.

ಹೊರಗೆ ಬಂದು ಮಿರ್ಚಿ ಭಜಿಯ ಗಾಡಿಯ ಹತ್ತಿರ ಮೊಮ್ಮಗಳು ನನ್ನನ್ನು ವಿಚಾರಣೆಗೆ ನಿಲ್ಲಿಸಿದಳು.

“ಅಜ್ಜಾ, ಅವ ಒಪ್ಪಿಕೊಂಡಾನಂತ ಬರಕೊಂಡಿದ್ರ ಅವಂಗ ಶಿಕ್ಷಾ ಆಗ್ತಿತ್ತು. ಗೊತ್ತೈತೇನು?”

“ಬಾಗಿದವಂಗೂ ಶಿಕ್ಷಾ ಏನವ್ವಾ?”

“ಇಲ್ಲಿ ಬಾಗೂದ ಬ್ಯಾಡ. ಕದ್ದಿಲ್ಲಂತ ಅವ ತೋರಸಬೇಕಾಗಿಲ್ಲ, ಕದ್ದಾನಂತ ಕೇಸು ಹಾಕಿದವ್ರ ತೋರಸಬೇಕು. ಸುಮ್ಮನ ನಿಲ್ಲಾಕೂ ಅವಂಗ ಹಕ್ಕೈತಿ.” ಮಿರ್ಚಿ ಮುರಿಯುತ್ತ ನನ್ನನ್ನೇ ನೋಡಿದಳು. “ನಿಮ್ಮ ಕಟ್ಟಿ ಮ್ಯಾಲೆ ‘ನಾ ಮಾಡಿಲ್ಲ’ ಅಂದು ಗೆದ್ದವರು ಯಾರರ ಅದಾರೇನು ಅಜ್ಜಾ?”

ನಾನು ನೆನಪಿಸಿಕೊಳ್ಳಲು ನೋಡಿದೆ. ಕಾಯಿ ಒಡೆದವರ ಮುಖಗಳು ಬಂದವು, ಬೇಗ ಮನೆಗೆ ಹೋಗುವ ಆಸೆಗೆ ಕೈ ಮುಗಿದವರ ಮುಖಗಳೂ ಬಂದವು. ಅವಳು ಕೇಳಿದಂಥದ್ದು ಒಂದೂ ಬರಲಿಲ್ಲ. “ಮಿರ್ಚಿ ಆರತಾವ, ತಿನ್ನು,” ಎಂದೆ.

“ಸುಮ್ಮನಿರೂ ಹಕ್ಕು ಜಲ್ದಿ ಕಲತಿ ಬಿಡು,” ಎಂದಳು ಆ ಚೂಟಿ ಹುಡುಗಿ.

ಕೇಸು ಮುಂದೆ ಹಲವು ತಿಂಗಳು ನಡೆಯಿತು. ಸ್ಟಾರ್ಟರ್ ಕಳೆದುಕೊಂಡ ರೈತ ಸಾಕ್ಷಿ ಹೇಳಲು ಬಂದ ದಿನ ನಾನು ಬಾಗಿಲ ಹೊರಗೇ ನಿಂತು ಕೇಳಿದೆ. ಒಳಗೆ ಕೂಡುವುದು ಬೇಡವೆಂದು ಮೊಮ್ಮಗಳ ಹುಕುಂ ಆಗಿತ್ತು.

“ಇದು ನಿಮ್ದ ಅಂತ ಹೆಂಗ ಗುರ್ತು ಹಿಡದ್ರಿ?” ಎಂದು ಕೇಳಿದಳು.

“ತುಕ್ಕು ಹಿಡದೈತಲ್ರಿ.”

“ನಿಮ್ಮ ಬಾಜೂ ಹೊಲದವ್ರ ಸ್ಟಾರ್ಟರಿಗೆ ತುಕ್ಕು ಹಿಡದಿಲ್ಲೇನ್ರಿ?”

“ಹಿಡದೈತ್ರಿ.”

“ಅವ್ರ ಆಚಿ ಹೊಲದವ್ರದು?”

“ಹೊಳಿ ದಂಡಿ ಅಲ್ರೀ, ಎಲ್ಲಾರದೂ ಹಿಡದೈತಿ,” ಎಂದ ಆ ಪಾಪದ ರೈತ. ಬೇರೆ ಸಾಕ್ಷಿಯೂ ಗಟ್ಟಿ ಇರಲಿಲ್ಲ.

ಕೇಸಿನಿಂದ ಬಿಡುಗಡೆಯಾದ ದಿನ ರಿಪೇರಿಯವನು ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಮೊಮ್ಮಗಳು, ಇನ್ನೊಂದು ಕಾಗದಕ್ಕೆ ಸಹಿ ಮಾಡುವುದಿದೆ, ಎಲ್ಲಿಯೂ ಹೋಗಬೇಡ ಎಂದು ಒಳಗೆ ಹೋದಳು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಹೊಳೆಸಾಲಿನ ಯಾರೋ ರೈತ, ಅತ್ತ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

“ಎಲ್ಲಿ ಅದೀಲೇ? ಮೋಟರ್ ಗುರ್ ಅಂತೈತಿ, ನೀರ ಎತ್ತವಲ್ದು.”

ಇವನು ಮೆಲ್ಲಗೆ ಕೇಳಿದ, “ನನ್ನ ಕೇಸಿನ ಖಬರ ನಿಮಗ ಮುಟ್ಟಿತೇನ್ರಿ?”

“ಯಾವ ಖಬರಲೇ? ಶೇಂಗಾ ಒಣಗಾಕತ್ತೈತಿ, ಜಲ್ದಿ ಬಾ.”

ಅವನು ಎದ್ದು ನಿಂತ. ಒಳಗಿನಿಂದ ಮೊಮ್ಮಗಳು ಕಾಗದ ಹಿಡಿದು ಬಂದು, ಅವನು ಬೈಕಿನ ಕಡೆ ಹೊರಟಿದ್ದನ್ನು ಕಂಡು ಕೂಗಿದಳು, “ಸಹಿ ಮಾಡಿ ಹೋಗೋ ಮಾರಾಯಾ.”

ಓಡಿ ಬಂದು ಅವಳು ತೋರಿಸಿದಲ್ಲಿ ಸಹಿ ಗೀಚಿದ. “ಅಲ್ಲಿ ನೀರ ಬಂದ್ ಆಗ್ಯಾವ್ರಿ ಅಕ್ಕಾರ,” ಎಂದು ಅವಳಿಗೇ ಅವಸರ ಮಾಡಿ, ಸಿಂಗಟಾಲೂರಿನ ದಾರಿ ಹಿಡಿದ.