ಮಂದೆ ಕಾಯುವವರ ಊಟ

ಹಿರಿಯೂರಿನಲ್ಲಿ ನಾನು ಮದುವೆ ಅಡುಗೆ ಮಾಡಿಸುವವನು. ಅನ್ನ ಮಿಕ್ಕಿ ದಂಡವಾಗದಿರಲೆಂದು ಈಚೆಗೆ ಮೊಬೈಲಿನಲ್ಲಿ ಎಐಯನ್ನು ಕೇಳುತ್ತೇನೆ. ಧರ್ಮಪುರ ಕಡೆಯ ಕುರಿಗಾರ ತಿಪ್ಪಣ್ಣ ಮಗಳ ಮದುವೆಗೆ ಜನದ, ಊಟದ ಪಟ್ಟಿ ಬರೆಸಿದಾಗ, ಬರುವ ಜನಕ್ಕಿಂತ ಆರು ಊಟ ಹೆಚ್ಚಿದೆ, ತೆಗೆಯಿರಿ ಎಂದಿತು ಅದು.

“ತೆಗೀಬ್ಯಾಡ್ರಿ,” ಎಂದ ತಿಪ್ಪಣ್ಣ. “ಅವತ್ತು ನನ್ನ ಕುರಿ ಕಾಯಾಕೆ ನಮ್ಮಣ್ಣನ ಮನೆಯೋರು ಆರು ಮಂದಿ ಅಡವೀಲೇ ಉಳೀತಾರೆ. ಅವ್ರೂ ಮದ್ವೆ ಊಟ ಉಣ್ಬೇಕಲ್ರಿ.”

ಹಾಗೇ ಹೇಳಿದೆ. “ಸರಿ, ಅಲ್ಲಿಗೆ ಊಟ ತಲುಪಿಸುವವರು ಯಾರು?” ಎಂದು ಎಐ ಕೇಳಿತು. ಅದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ.

ಮದುವೆ ದಿನ ಹೋಳಿಗೆ ಡಬ್ಬಿ ಹಿಡಿದು ಅಡವಿಯಲ್ಲಿ ಮಂದೆ ಹುಡುಕಿದವನು ನಾನೇ. ತಿಪ್ಪಣ್ಣನ ಅಣ್ಣ ಕಂಬಳಿ ಹಾಸಿ, “ಮದ್ವೆ ಮನೆಯಿಂದ ಬಂದೋರು ಉಣ್ದೆ ಹೋಗ್ಬಾರ್ದು, ಕುಂತ್ಕಳ್ರಿ,” ಎಂದ.

ಆ ಏಳನೇ ಊಟ ಎಐ ಲೆಕ್ಕದಲ್ಲೂ ಇರಲಿಲ್ಲ, ನನ್ನದರಲ್ಲೂ.