ಜ್ವರವಿಲ್ಲದ ಜ್ವರಗಡ್ಡೆ

ನಮ್ಮ ಆಸ್ಪತ್ರೆಯ ಲ್ಯಾಬಿನ ಚನ್ನಬಸಯ್ಯನವರಿಗೆ ಜನರ ಮುಖಕ್ಕಿಂತ ಅವರ ರಕ್ತದ ಪರಿಚಯವೇ ಹೆಚ್ಚು. ಲೋಕಲ್ ರೈಲಿನಲ್ಲಿ ಯಾರಾದರೂ ಕೈಮುಗಿದರೆ, "ನಿಮ್ಮ ಸ್ಲೈಡ್ ನೋಡೇನ್ರಿ, ಛಲೋ ಇತ್ತು" ಎಂದುಬಿಡುತ್ತಾರೆ. ಸ್ವಾತಂತ್ರ್ಯಕ್ಕೂ ಮೊದಲೇ ಧಾರವಾಡ ಬಿಟ್ಟು ಬಂದ ಇವರ ಜಗಳವೆಲ್ಲ ಒಂದೇ ಶಬ್ದದ ಮೇಲೆ. ಮಗುವಿನ ಎಡಹೊಟ್ಟೆ ಉಬ್ಬಿದರೆ ಸಾಕು, ನಮ್ಮವರು ಮಲೇರಿಯಾದ ಜ್ವರಗಡ್ಡೆ ಎಂದು ಕ್ವಿನೈನ್ ಕುಡಿಸುತ್ತಾರೆ. "ಜ್ವರಾನ ಬಂದಿಲ್ಲ, ಜ್ವರಗಡ್ಡಿ ಎಲ್ಲಿಂದ ಬಂತು?" ಎಂದು ಇವರು ಮೇಜು ಕುಟ್ಟುತ್ತಾರೆ. ಮಗಳ ಹೊಟ್ಟೆ ಉಬ್ಬಿದ್ದು ಗುಲ್ಮದಲ್ಲಿ, ಅಂದರೆ ಸ್ಪ್ಲೀನಿನಲ್ಲಿ, ಕೊಬ್ಬು ಶೇಖರವಾಗುವ ಅಪರೂಪದ ಕಾಯಿಲೆಯಿಂದ ಎಂದು ಕೇಳಿ, ಆಂಟಾಪ್ ಹಿಲ್‌ನ ನಾಗವ್ವ ಅವಳ ಅನ್ನಕ್ಕೆ ತುಪ್ಪ ಹಾಕುವುದನ್ನೇ ನಿಲ್ಲಿಸಿದ್ದಳು. "ಇದು ತಿಂದ ಕೊಬ್ಬಲ್ಲ ತಂಗೀ, ಮೈಯಾಗ ಹುಟ್ಟಿ ಕರಗದ ಉಳಿದದ್ದು. ಗಂಡ ಹೆಂಡತಿ ಇಬ್ಬರ ವಂಶದಿಂದನೂ ಬಂದದ, ತಪ್ಪು ಯಾರದೂ ಅಲ್ಲ. ಮೊದಲ ತುಪ್ಪ ಹಾಕು!" ಎಂದು ಚನ್ನಬಸಯ್ಯನವರು ಗದರಿದರು. ಈ ಕಾಯಿಲೆಗೆ ಔಷಧಿ ಇನ್ನೂ ಇಲ್ಲ. ಆದರೆ ಅವರ ಡ್ರಾಯರಿನಲ್ಲಿ ಇಂಥ ಮಕ್ಕಳ ಮನೆಗಳ ವಿಳಾಸ ಬರೆದ ಆರು ಪೋಸ್ಟ್‌ಕಾರ್ಡುಗಳಿವೆ. ಯಾರಾದರೂ ಚಾಳ್ ಬಿಟ್ಟು ಬೊರಿವಲಿಗೆ ಹೋದರೆ ಆ ವಿಳಾಸಕ್ಕೆ ಹೊಸ ಕಾರ್ಡು ಬರೆದಿಡುತ್ತಾರೆ. ಎಲ್ಲದರಲ್ಲೂ ಒಂದೇ ಸಾಲು: "ಔಷಧಿ ಬಂದದ, ಕೂಸಿನ್ನ ಕರಕೊಂಡು ಬರ್ರಿ." ತಾರೀಖಿನ ಜಾಗವನ್ನಷ್ಟೇ ಖಾಲಿ ಬಿಟ್ಟಿದ್ದಾರೆ.